ಮಸ್ಕತ್ತಿನಿಂದ ಮೂರು ಗಂಟೆ

ಮಂಗಳೂರಿಗೂ ಮಸ್ಕತ್ತಿಗೂ ನಡುವೆ ಆಕಾಶದಲ್ಲಿ ಎರಡು ಸಾವಿರದ ನೂರು ಕಿಲೋಮೀಟರ್. ಜೆಟ್ ವಿಮಾನಗಳಿದ್ದಾಗಲೂ ಅಷ್ಟೇ ಇತ್ತು, ಅವು ನಿಂತು ಮೂವತ್ತೊಂದು ವರ್ಷವಾದ ಮೇಲೂ ಅಷ್ಟೇ ಇದೆ. ಆಗ ಅದು ಮೂರು ಗಂಟೆಯ ದಾರಿ. ಈಗ ಗಾಳಿ ಮನಸ್ಸು ಮಾಡಿದರೆ ಇಪ್ಪತ್ತೈದು ಗಂಟೆ. ಗಾಳಿ ಮುನಿಸಿಕೊಂಡರೆ ಎಷ್ಟು ಅಂತ ಕೇಳಲೇಬಾರದು.

ಜೆಟ್‌ಗಳು ಆಕಾಶದ ಮೇಲಂತಸ್ತಿನಲ್ಲಿ ಬಿಟ್ಟುಹೋಗುವ ಹೊಗೆ ಮತ್ತು ಹಬೆ ಮುಂಗಾರಿನ ಲಯವನ್ನೇ ಕೆಡಿಸುತ್ತಿದೆ ಎಂದು ಗೊತ್ತಾದದ್ದು ಜೆಟ್‌ಗಳ ಕೊನೆಗಾಲದಲ್ಲಿ. ಮಳೆ ನಾಲ್ಕು ವರ್ಷ ಕೈಕೊಟ್ಟ ಮೇಲೆ ದೇಶಗಳೆಲ್ಲ ಕೂತು ಸಹಿ ಹಾಕಿದವು, ವಿಮಾನಗಳು ನೆಲಕ್ಕಿಳಿದವು. ಮಳೆ ಮರಳಿ ಬಂತು. ಬಂದದ್ದಕ್ಕೆ ಯಾರೂ ಬೇಸರಪಡಲಿಲ್ಲ ಬಿಡಿ. ಆದರೆ ಮನೆಯ ಅರ್ಧ ಜನ ಕೊಲ್ಲಿಯಲ್ಲಿ, ಅರ್ಧ ಜನ ಇಲ್ಲಿ ಎಂದು ಹಂಚಿಹೋಗಿದ್ದ ಕರಾವಳಿಗೆ ಒಂದು ಬೆಳಿಗ್ಗೆ ಎದ್ದು ನೋಡುವಾಗ ಸಮುದ್ರ ಮತ್ತೆ ಅಗಲವಾಗಿತ್ತು.

ಜೆಟ್ ಹೋದ ಜಾಗಕ್ಕೆ ಗಾಳಿಹಡಗು ಬಂತು. ಹೊಟ್ಟೆಯ ತುಂಬ ಹೀಲಿಯಂ, ಬೆನ್ನ ಮೇಲೆ ಬಿಸಿಲು ಹೀರಿ ವಿದ್ಯುತ್ ಮಾಡುವ ಹೊದಿಕೆ, ಎರಡು ಪಕ್ಕದಲ್ಲಿ ಪಂಖಗಳು. ಗಾಳಿಯೇ ಇಲ್ಲದಿದ್ದರೆ ಗಂಟೆಗೆ ಎಂಬತ್ತು ಕಿಲೋಮೀಟರ್ ಹೋಗುತ್ತದೆ, ಅಂದರೆ ಹೆದ್ದಾರಿಯ ಬಸ್ಸಿನಷ್ಟು. ನಮ್ಮ ಜನ ಅದಕ್ಕೆ ದೋಣಿ ಎಂದೇ ಹೆಸರಿಟ್ಟರು. ಮೊದಮೊದಲು ಬೈದರು, ಆಮೇಲೆ ಚಾಪೆ, ದಿಂಬು, ಚಕ್ಕುಲಿಯ ಡಬ್ಬ ಕಟ್ಟಿಕೊಂಡು ಹತ್ತಿದರು. ಹದಿನೈದು ದಿನದ ರಜೆ ಸಾಲದೆಂದು ತಿಂಗಳ ರಜೆ ಕೇಳಿದರು. ಸಾವಿನ ಮನೆಗಳಲ್ಲಿ ಮೊದಲು "ಮಗನ ಫ್ಲೈಟ್ ಎಷ್ಟಕ್ಕೆ?" ಎಂದು ಕೇಳಿ ಚಿತೆಯ ಹೊತ್ತು ಗೊತ್ತು ಮಾಡುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಮಗ ಬಂದಾಗ ಬಂದ.

ಸುಗಂಧಿ ಕರ್ಕೇರ ಈ ಎರಡು ಕಾಲವನ್ನೂ ಒಂದೇ ಕೆಲಸದಲ್ಲಿ ಕಂಡವಳು. ಮಂಗಳೂರಿನ ವಿಮಾನ ನಿಲ್ದಾಣವಿದ್ದ ಬಜಪೆಯಲ್ಲಿ ಆರು ವರ್ಷ ಜೆಟ್‌ಗಳ ದಾರಿ, ಇಂಧನ, ಹೊತ್ತುಗಳ ಲೆಕ್ಕ ಹಾಕಿದಳು. ಅವು ನಿಂತ ಮೇಲೆ ಪಡುಬಿದ್ರಿಯ ಕಡಲ ಬದಿಯಲ್ಲಿ ದೋಣಿ ಕಟ್ಟುವ ಕಂಬ ಎದ್ದಿತು, ದೋಣಿಗಳಿಗೆ ದಾರಿ ಹೇಳುವ, ಅದರ ಬುಡದ ಹಾದಿಕೋಣೆಗೆ ಬಂದು ಕೂತಳು. ಈಗ ಅರವತ್ತೊಂದು ವರ್ಷ. ಮದುವೆಯ ಗೋಜಿಗೆ ಹೋಗಲಿಲ್ಲ. ಅಕ್ಕ ವಾರಿಜ ಮಸ್ಕತ್ತಿನ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದು, ಗಂಡ ತೀರಿಕೊಂಡ ಮೇಲೆ ಊರಿಗೆ ಬಂದು ತಂಗಿಯ ಜೊತೆಗೇ ಉಳಿದಿದ್ದಳು. ವಾರಿಜಳ ಒಬ್ಬಳೇ ಮಗಳು ಶಮಿತಾ ಹುಟ್ಟಿದ್ದು, ಬೆಳೆದದ್ದು, ಕೆಲಸಕ್ಕೆ ಸೇರಿದ್ದು ಎಲ್ಲ ಮಸ್ಕತ್ತಿನಲ್ಲೇ. ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಇಂಜಿನಿಯರ್. ಅವಳು ಹುಟ್ಟುವ ಹೊತ್ತಿಗೆ ಜೆಟ್ ನಿಂತು ಎರಡು ವರ್ಷವಾಗಿತ್ತು.

ಜೋರು ಮಳೆಯ ಆಟಿ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ವಾರಿಜ ತಂಗಿಯನ್ನು ಹತ್ತಿರ ಕರೆದಳು. ಹೃದಯ ಸೋತು ಮಲಗಿ ಮೂರು ವಾರವಾಗಿತ್ತು. ಎರಡು ದಿನದ ಹಿಂದೆ ಡಾಕ್ಟರರು ಮಗಳಿಗೆ ಹೇಳಿಕಳಿಸಿ ಎಂದಿದ್ದರು, ಶಮಿತಾ ಸಿಕ್ಕಿದ ಮೊದಲ ದೋಣಿ ಹತ್ತಿದ್ದಳು.

"ನನ್ನ ಕಾಲು ಮುಟ್ಟಿ ನೋಡು," ಎಂದಳು ವಾರಿಜ.

ಸುಗಂಧಿ ಮುಟ್ಟಿದಳು. ಮೊಣಕಾಲಿನವರೆಗೂ ತಣ್ಣಗಿತ್ತು.

"ಇಪ್ಪತ್ತೆಂಟು ವರ್ಷ ನಾನು ಇದನ್ನೇ ನೋಡಿದ್ದು. ಹೆದರ್ಬೇಡ. ಕತ್ತಲಾಗುವವರೆಗೆ ಹೇಗಾದ್ರೂ ಹಿಡ್ಕೊಳ್ತೇನೆ. ಆಮೇಲಿಂದು ನನ್ನ ಕೈಯಲ್ಲಿಲ್ಲ. ಅವಳು ಎಷ್ಟು ಹೊತ್ತಿಗೆ ಬರ್ತಾಳೆ?"

"ಬರ್ತಾಳೆ, ಬರ್ತಾಳೆ."

"ಬರ್ತಾಳೆ ಅಂತ ನನಗೂ ಗೊತ್ತುಂಟು ಮಾರಾಯ್ತಿ. ಹೊತ್ತು ಹೇಳು. ನಿನ್ನ ಕೆಲಸವೇ ಅದಲ್ವಾ?"

ಸುಗಂಧಿಗೆ ಹೊತ್ತು ಗೊತ್ತಿತ್ತು. ದೋಣಿ ಕಂಬಕ್ಕೆ ಕಟ್ಟುವುದು ರಾತ್ರಿ ಹನ್ನೊಂದೂವರೆಗೆ. ಕತ್ತಲಾಗುವುದಕ್ಕೂ ಹನ್ನೊಂದೂವರೆಗೂ ನಡುವೆ ನಾಲ್ಕೈದು ಗಂಟೆ. ಪಕ್ಕದ ಮನೆಯ ಗುಲಾಬಿಯನ್ನು ಅಕ್ಕನ ಹತ್ತಿರ ಕೂರಿಸಿ, ಕೊಡೆ ಹಿಡಿದು, ರಜೆಯಲ್ಲಿದ್ದವಳು ನೇರ ಹಾದಿಕೋಣೆಗೆ ನಡೆದಳು.

ಪಾಳಿಯಲ್ಲಿದ್ದವನು ನಿಸಾರ್. ಹದಿನೆಂಟು ವರ್ಷದಿಂದ ಅವಳ ಕೈಕೆಳಗೆ ಪಳಗಿದವನು. ಅವಳು ಒಳಗೆ ಕಾಲಿಡುತ್ತಲೇ ಗೋಡೆಯ ನಕ್ಷೆಯ ಕಡೆ ಕೈ ತೋರಿಸಿದ. ಅರಬ್ಬಿ ಸಮುದ್ರದ ಹೆಚ್ಚುಕಡಿಮೆ ನಡುಮಧ್ಯದಲ್ಲಿ ಒಂದು ಹಳದಿ ಚುಕ್ಕಿ ತೆವಳುತ್ತಿತ್ತು.

"ಹನ್ನೆರಡನೇ ಗಂಟೆ ನಡೀತಾ ಉಂಟು ಸುಗಂಧಿಯಕ್ಕ. ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್ ಆಯ್ತು. ಮೇಲಿನ ಹಾದಿ. ಗಾಳಿ ಎಂತದೂ ಇಲ್ಲ."

"ತಗ್ಗಿನ ಹಾದಿಯಲ್ಲಿ?"

ನಿಸಾರ್ ನಕ್ಷೆ ಬಿಟ್ಟು ಅವಳ ಮುಖ ನೋಡಿದ. ಆಟಿಯಲ್ಲಿ ಸಮುದ್ರದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಮುಂಗಾರಿನ ಗಾಳಿ ಆಫ್ರಿಕದ ಕಡೆಯಿಂದ ನಮ್ಮ ಕಡೆಗೆ ಹೊಳೆಯ ಹಾಗೆ ಹರಿಯುತ್ತದೆ. ಅದರೊಳಗೆ ಇಳಿದರೆ ಎಂಬತ್ತರ ದೋಣಿ ಗಂಟೆಗೆ ನೂರಮೂವತ್ತೇಳರಲ್ಲಿ ಓಡುತ್ತದೆ. ಆದರೆ ಆ ಹೊಳೆಯಲ್ಲಿ ಮೋಡವಿದೆ, ಮಳೆಯಿದೆ, ಎತ್ತಿ ಕುಕ್ಕುವ ಸುಳಿಗಳಿವೆ. ಸರಕಿನ ದೋಣಿಗಳು ಇಳಿಯುತ್ತವೆ, ಜನರಿರುವ ದೋಣಿಗಳು ಮೇಲೆ ಮೂರು ಕಿಲೋಮೀಟರಿನಲ್ಲಿ ನಿಧಾನಕ್ಕೆ ಬರುತ್ತವೆ. ಜನರಿದ್ದೂ ಇಳಿಯಬೇಕೆಂದರೆ ದೋಣಿಯಲ್ಲಿರುವ ಪ್ರತಿಯೊಬ್ಬ ಪ್ರಯಾಣಿಕನೂ ಕೈ ಎತ್ತಿ ಒಪ್ಪಬೇಕು. ಒಬ್ಬ ಒಲ್ಲೆ ಎಂದರೂ ಇಲ್ಲ. ದೋಣಿಗಳು ಶುರುವಾದಾಗಿನಿಂದ ನಡೆದುಬಂದ ಕ್ರಮ ಅದು.

"ಐದು ಗಂಟೆ ಉಳೀತದೆ," ಎಂದಳು ಸುಗಂಧಿ. "ಲೆಕ್ಕ ನಾನು ಬರುವಾಗ ದಾರಿಯಲ್ಲೇ ಹಾಕಿದೆ."

"ಲೆಕ್ಕ ಸರಿಯೇ ಇರ್ತದೆ. ಆದ್ರೆ ನಿಮ್ಮವರು ಇರುವ ದೋಣಿಗೆ ನೀವು ಹಾದಿ ಹೇಳುವ ಹಾಗಿಲ್ಲಲ್ಲ. ನೀವೇ ನಮಗೆ ಕಲಿಸಿದ್ದು."

"ಹೌದು. ಅದಕ್ಕೇ ನಾನು ಕುರ್ಚಿಯಲ್ಲಿ ಕೂತ್ಕೊಳ್ಳಲಿಲ್ಲ. ನೀನು ಹೊಸದಾಗಿ ಲೆಕ್ಕ ಹಾಕು. ನಿನಗೆ ಸರಿ ಕಂಡ್ರೆ ಮಾತ್ರ ಗೋಡ್ವಿನ್‌ನ ಹತ್ತಿರ ಮಾತಾಡು. ಇಲ್ಲಾಂದ್ರೆ ನಾನು ಮನೆಗೆ ಹೋಗ್ತೇನೆ, ನಿನ್ನ ಮೇಲೆ ಸಿಟ್ಟಿಲ್ಲ."

ನಿಸಾರ್ ಲೆಕ್ಕ ಹಾಕಿದ, ಗಾಳಿಯ ನಕ್ಷೆಯನ್ನು ಎರಡೆರಡು ಸಲ ನೋಡಿದ, ದೋಣಿಯ ಕ್ಯಾಪ್ಟನ್ ಗೋಡ್ವಿನ್ ಲೋಬೊನನ್ನು ರೇಡಿಯೋದಲ್ಲಿ ಹಿಡಿದ. ಗೋಡ್ವಿನ್ ಎಲ್ಲ ಕೇಳಿ, "ಜನರ ಹತ್ತಿರ ಕೇಳ್ತೇನೆ, ಹದಿನೈದು ನಿಮಿಷ ಕೊಡಿ," ಎಂದ.

ಆ ಹದಿನೈದು ನಿಮಿಷ ಸುಗಂಧಿ ಬಾಗಿಲ ಬಳಿ ನಿಂತೇ ಕಳೆದಳು. ಐವತ್ತೆಂಟು ಜನ. ಯಾರ್ಯಾರಿಗೆ ಏನೇನು ಕಾಯಿಲೆಯೋ, ಯಾವ ಮಗು ವಾಂತಿ ಮಾಡುತ್ತದೋ. ಅವರಿಗೇನು ಗರಜು, ಯಾರದೋ ಅಕ್ಕನಿಗಾಗಿ ಎಂಟು ಗಂಟೆ ಕುಲುಕಾಡಿಸಿಕೊಳ್ಳಲು? ತಾನಾಗಿದ್ದರೆ ಒಪ್ಪುತ್ತಿದ್ದೆನೇ ಎಂದು ಯೋಚಿಸಿದಳು. ಅಷ್ಟರಲ್ಲಿ ರೇಡಿಯೋ ಕರಕರ ಎಂದಿತು.

"ನಿಸಾರ್, ಐವತ್ತೇಳು ಕೈ ಒಂದೇ ಸಲಕ್ಕೆ ಎದ್ದಿತು. ಒಂದು ಮಾತ್ರ ಏಳ್ಲಿಲ್ಲ."

ಸುಗಂಧಿ ಬಾಗಿಲು ಬಿಟ್ಟು ರೇಡಿಯೋದ ಹತ್ತಿರ ಬಂದಳು.

"ಆ ಹುಡುಗಿಯದ್ದೇ," ಎಂದ ಗೋಡ್ವಿನ್. "ನನ್ನ ಒಬ್ಬಳಿಂದಾಗಿ ಎಲ್ಲರಿಗೂ ತೊಂದರೆ ಯಾಕೆ ಅಂತ ತಲೆ ತಗ್ಗಿಸಿ ಕೂತಿದ್ಳು. ಮತ್ತೆ ಪಕ್ಕದಲ್ಲಿದ್ದ ಒಬ್ಬರು ಅಜ್ಜಿ ಅವಳ ಕೈ ಹಿಡಿದು ಎತ್ತಿದ್ರು. ನಾನು ಅದನ್ನೇ ಒಪ್ಪಿಗೆ ಅಂತ ಬರ್ಕೊಂಡೆ. ಇಳೀತಾ ಇದ್ದೇವೆ."

ಮನೆಗೆ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಚಪ್ಪಲಿ ಬಿಡುವ ಮೊದಲೇ ಫೋನ್ ಬಂತು, ಶಮಿತಾಳದ್ದು. ಹಿಂದಿನಿಂದ ಪಾತ್ರೆ ಬೀಳುವ ಸದ್ದು, ಯಾರೋ ಯಾರನ್ನೋ ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುತ್ತಿದ್ದರು. "ಚಿಕ್ಕಮ್ಮ, ಐದಕ್ಕೆ ಬಂದು ಕಟ್ತೇವಂತೆ. ಐದಕ್ಕೆ. ಅಮ್ಮನಿಗೆ ಹೇಳಿ," ಎಂದಳು, ಸಂಪರ್ಕ ಕಡಿದುಹೋಯಿತು.

ಸುಗಂಧಿ ಒಳಗೆ ಹೋಗಿ ಮಂಚದ ಮೇಲೆ ಕೂತು ಅಕ್ಕನ ಕಿವಿಯ ಹತ್ತಿರ, "ಐದು ಗಂಟೆಗೆ," ಎಂದಳು. ಅಳು ಬಂದೇಬಿಟ್ಟಿತು, ತಡೆಯಲಿಲ್ಲ.

"ಐದಕ್ಕೆ," ಎಂದಳು ವಾರಿಜ. ಕಣ್ಣು ಮುಚ್ಚಿಯೇ ಬೆರಳು ಮಡಚಿದಳು. "ಇನ್ನೂ ಆರು ಗಂಟೆ. ಸುಗಂಧಿ, ದೋಣಿಯ ಹೊತ್ತು ಕಾಯ್ಲಿಕ್ಕೆ ನನ್ನಿಂದ ಆಗುದಿಲ್ಲ. ಅದರದ್ದು ಎಂತ ಲೆಕ್ಕವೇ ಸಿಗುದಿಲ್ಲ, ಮೋಡ ನೋಡು, ಮಲಗು, ಏಳು, ಮತ್ತೆ ಮೋಡ. ನೀನು ಅವಳನ್ನು ವಿಮಾನದಲ್ಲಿ ಕರ್ಕೊಂಡು ಬಾ."

"ವಿಮಾನ ಎಲ್ಲಿಂದ ತರುದು ಅಕ್ಕ?"

"ನನ್ನ ತಲೆ ಸರಿಯೇ ಉಂಟು, ಹಾಗೆ ನೋಡ್ಬೇಡ. ಬಾಯಲ್ಲಿ ಹೇಳು ಅಂತ ಹೇಳಿದ್ದು. ಮೂರು ಗಂಟೆಯ ದಾರಿ ನನಗೆ ಗೊತ್ತುಂಟು, ಎಲ್ಲಿ ಎಂತ ಬರ್ತದೆ ಅಂತ ಗೊತ್ತುಂಟು. ಗೊತ್ತಿದ್ದ ದಾರಿಯಾದ್ರೆ ಕಾಯ್ಬಹುದು."

ಹಾಗೆ ಶುರುವಾಯಿತು ಆ ಪ್ರಯಾಣ. ಮೂರು ಗಂಟೆಯದ್ದನ್ನು ಆರು ಗಂಟೆಗೆ ಎಳೆಯಬೇಕಾದ್ದರಿಂದ ಸುಗಂಧಿ ವಿಮಾನ ನಿಲ್ದಾಣಕ್ಕೆ ಅವಸರದಲ್ಲಿ ಹೋಗಲಿಲ್ಲ. ಮಸ್ಕತ್ತಿನ ರುವಿಯಲ್ಲಿ ಅಕ್ಕ ಇದ್ದ ಆ ಎರಡು ಕೋಣೆಯ ಮನೆಯಿಂದಲೇ ಶಮಿತಾಳನ್ನು ಹೊರಡಿಸಿದಳು. ನೆಲದ ಮೇಲೆ ದೊಡ್ಡ ರಟ್ಟಿನ ಪೆಟ್ಟಿಗೆ. ಹಾಲಿನಪುಡಿ ಡಬ್ಬ, ಬಾದಾಮಿ, ಖರ್ಜೂರ, ತಲೆನೋವಿನ ಮುಲಾಮು ಹನ್ನೆರಡು, ಎರಡು ಸೀರೆ, ಒಂದು ಹೊದಿಕೆ, ಸೋಪು.

"ಸೋಪನ್ನು ಬಾದಾಮಿಯ ಹತ್ತಿರ ಇಡ್ಬೇಡ," ಎಂದಳು ವಾರಿಜ.

"ಇಲ್ಲ, ಹೊದಿಕೆಯೊಳಗೆ ಸುತ್ತಿದ್ದೇನೆ."

"ಹಗ್ಗ ಹಸಿರು ಬಣ್ಣದ್ದು. ಬೇರೆಯವರದ್ದು ಎಲ್ಲ ನೀಲಿ ಇರ್ತದೆ, ಆಮೇಲೆ ಬೆಲ್ಟಿನಲ್ಲಿ ಹುಡುಕ್ಲಿಕ್ಕೆ ಕಷ್ಟ."

ಹಸಿರು ಹಗ್ಗ ಕಟ್ಟಿದರು. ದಪ್ಪ ಪೆನ್ನಿನಲ್ಲಿ ನಾಲ್ಕು ಬದಿಗೂ ಹೆಸರು ಬರೆದರು. ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಪೆಟ್ಟಿಗೆ ಎತ್ತಿಟ್ಟಾಗ ಮೂವತ್ತಮೂರು ಕಿಲೋ. ಮೂರು ಕಿಲೋ ಜಾಸ್ತಿ. ಹಾಗಾದರೆ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಬೇಕು. ಎರಡು ಸೀರೆಯನ್ನು ಮೈಮೇಲೆಯೇ ಸುತ್ತಿಕೊಂಡು, ಮುಲಾಮಿನ ಡಬ್ಬಗಳನ್ನು ಜಾಕೆಟ್ಟಿನ ಕಿಸೆಗಿಳಿಸಿ, ಗಂಭೀರ ಮುಖ ಮಾಡಿಕೊಂಡು ಶಮಿತಾ ಕೌಂಟರಿನ ಮುಂದೆ ನಿಂತದ್ದನ್ನು ಸುಗಂಧಿ ವರ್ಣಿಸುವಾಗ ವಾರಿಜಳಿಗೆ ನಗು ಬಂತು, ನಗುವಿನಿಂದ ಕೆಮ್ಮು ಬಂತು. ಗುಲಾಬಿ ಓಡಿಬಂದು ಬೆನ್ನು ನೀವಿದಳು. ಸಾಯುವ ಮನೆಯಲ್ಲಿ ಇವರಿಬ್ಬರಿಗೂ ಏನಾಗಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ, ಆದರೂ ಕೇಳಲು ಅಲ್ಲೇ ಗೋಡೆಗೊರಗಿ ಕೂತಳು.

ಎರಡು ಗಂಟೆಗೆ ವಿಮಾನ ಎದ್ದಿತು. ಜೆಟ್ ಎಂದರೆ ಹೇಗಿತ್ತು ಎಂದು ಹೇಳುವುದು ಸುಗಂಧಿಗೆ ಅಷ್ಟು ಸುಲಭವಾಗಿರಲಿಲ್ಲ. ಮೂವತ್ತು ವರ್ಷ ದೋಣಿಯ ತೂಗಾಟ ನೋಡಿದ ಮೇಲೆ ಆ ರಭಸ ತನಗೇ ಮರೆತುಹೋದಂತಿತ್ತು. ಹೇಳುತ್ತ ಹೇಳುತ್ತ ಮರಳಿ ಬಂತು. ಬೆನ್ನು ಕುರ್ಚಿಗೆ ಒತ್ತಿಕೊಳ್ಳುವುದು, ಕಿವಿ ಮುಚ್ಚಿಹೋಗುವುದು, ಮುಂದಿನ ಸಾಲಿನಲ್ಲಿ ಮೊದಲ ಸಲ ಊರಿಗೆ ಹೊರಟ ಹುಡುಗರು ಒಬ್ಬರ ಕೈ ಒಬ್ಬರು ಗೊತ್ತಿಲ್ಲದ ಹಾಗೆ ಹಿಡಿದುಕೊಳ್ಳುವುದು. ಕೆಳಗೆ ಬೋಳು ಬೆಟ್ಟ, ಆಮೇಲೆ ಬರೀ ನೀಲಿ. ಹತ್ತು ಕಿಲೋಮೀಟರ್ ಮೇಲೆ ಮಳೆಯೂ ಇಲ್ಲ ಮೋಡವೂ ಇಲ್ಲ, ಸುಮ್ಮನೆ ಬಿಸಿಲು.

"ಈಗ ಕಾಗದ ಕೊಡ್ತಾರೆ," ಎಂದಳು ವಾರಿಜ.

"ಹೌದು, ಕೊಟ್ರು."

ಇಳಿಯುವ ಮೊದಲು ಪ್ರತಿಯೊಬ್ಬರೂ ತುಂಬಿಸಬೇಕಾಗಿದ್ದ ಕಾಗದ ಅದು. ಹೆಸರು, ಪಾಸ್‌ಪೋರ್ಟ್ ನಂಬರು, ಎಲ್ಲಿಂದ, ಎಲ್ಲಿಗೆ. ಓದು ಬರಹ ಅಷ್ಟಕ್ಕಷ್ಟೆ ಇದ್ದ ಕೂಲಿ ಕೆಲಸದವರು ವಿಮಾನದಲ್ಲಿ ಯಾರ ಹತ್ತಿರ ಪೆನ್ನಿದೆ ಎಂದು ನೋಡುತ್ತಿದ್ದರು. ವಾರಿಜಳ ಹತ್ತಿರ ಯಾವಾಗಲೂ ಮೂರು ಪೆನ್ನು. ಒಂದೊಂದು ಸಲ ಇಪ್ಪತ್ತು ಜನರ ಕಾಗದ ತುಂಬಿಸಿದ್ದುಂಟು. ಅವರ ಊರು, ಅಪ್ಪನ ಹೆಸರು, ಎಷ್ಟು ವರ್ಷದ ಮೇಲೆ ಹೋಗುತ್ತಿದ್ದಾರೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಊಟದ ತಟ್ಟೆ ಬಂದರೂ ಅವಳದ್ದು ಬಿಚ್ಚದೆ ಹಾಗೇ ಇರುತ್ತಿತ್ತು.

"ಶಮಿತಾ ತುಂಬಿಸ್ತಾಳಾ?" ಎಂದು ಕೇಳಿದಳು.

"ತುಂಬಿಸ್ತಾ ಇದ್ದಾಳೆ. ಕಾರ್ಕಳದ ಒಬ್ಬರದ್ದು ಆಯ್ತು. ಈಗ ಭಟ್ಕಳದ ಒಬ್ಬರು ಕೊಟ್ಟಿದ್ದಾರೆ."

"ಒಳ್ಳೆದು," ಎಂದಳು ವಾರಿಜ. ಉಸಿರು ಎಳೆದುಕೊಂಡು ಸ್ವಲ್ಪ ಹೊತ್ತು ಮಲಗಿದಳು.

ನಾಲ್ಕೂವರೆಗೆ ಮತ್ತೆ ಎಚ್ಚರಾದಾಗ ಮುಖ ಬಿಳಿಚಿಕೊಂಡಿತ್ತು, ಮಾತಿನ ನಡುವೆ ಅಂತರ ಹೆಚ್ಚಿತ್ತು. "ಅರ್ಧ ಗಂಟೆ ಉಂಟಲ್ವಾ? ಇರ್ತೇನೆ," ಎಂದಳು. ಸುಗಂಧಿ ಅಡುಗೆಮನೆಗೆ ಹೋಗಿ ನಿಸಾರ್‌ಗೆ ಫೋನ್ ಮಾಡಿದಳು. ಆಟೋ ಕಂಬದ ಬುಡಕ್ಕೇ ಬರುವಂತೆ ಹೇಳಬೇಕಿತ್ತು.

"ಎಷ್ಟು ದೂರ ಉಂಟು ನಿಸಾರ್?"

"ಒಳ್ಳೇ ಬರ್ತಾ ಉಂಟಕ್ಕ. ಇನ್ನು ಇನ್ನೂರೈವತ್ತು."

ಇನ್ನೂರೈವತ್ತು ಕಿಲೋಮೀಟರ್. ಗಂಟೆಗೆ ನೂರಮೂವತ್ತೇಳು. ಭಾಗಾಕಾರ ಮುಗಿಯುವ ಮೊದಲೇ ಸುಗಂಧಿಗೆ ತಾನು ಮಾಡಿದ ತಪ್ಪು ಹೊಳೆಯಿತು.

ದೋಣಿಯೊಳಗಿನ ಗಡಿಯಾರ ಕಂಬಕ್ಕೆ ಕಟ್ಟುವವರೆಗೂ ಹೊರಟ ಊರಿನದೇ ಹೊತ್ತು ತೋರಿಸುತ್ತದೆ. ಶಮಿತಾ ನೋಡಿ ಹೇಳಿದ ಐದು ಗಂಟೆ ಮಸ್ಕತ್ತಿನದು. ಇಲ್ಲಿಗೆ ಅದು ಆರೂವರೆ. ಕೊಲ್ಲಿಯ ಮನೆಗಳಲ್ಲಿ ಈ ಒಂದೂವರೆ ಗಂಟೆ ಮಕ್ಕಳಿಗೂ ಗೊತ್ತು. ಜೆಟ್ಟಿನ ಕಾಲದಲ್ಲಿ ಟಿಕೇಟಿನ ಹೊತ್ತು ನೋಡಿ, ಹೋಗುವಾಗ ಒಂದೂವರೆ ಗಂಟೆಯಂತೆ, ಬರುವಾಗ ನಾಲ್ಕೂವರೆಯಂತೆ, ಊರೇ ಹೆಚ್ಚು ದೂರ ಎಂದು ತಮಾಷೆ ಮಾಡುತ್ತಿದ್ದರು. ಯಾರಾದರೂ ಒಂದು ಹೊತ್ತು ಹೇಳಿದರೆ ಯಾವ ಊರಿನ ಗಂಟೆ ಎಂದು ಕೇಳದೆ ಬರೆಯಬಾರದು ಎಂದು ಹಾದಿಕೋಣೆಗೆ ಬಂದ ಪ್ರತಿಯೊಬ್ಬರ ಕಿವಿ ಹಿಂಡಿ ಕಲಿಸಿದ್ದು ಸುಗಂಧಿಯೇ. ಮೂವತ್ತೇಳು ವರ್ಷದಲ್ಲಿ ಅವಳು ಈ ತಪ್ಪು ಮಾಡಿರಲಿಲ್ಲ. ಇವತ್ತು ಮಾಡಿದಳು, ತನ್ನ ಅಕ್ಕನಿಗೆ. ಕೊಟ್ಟ ಐದು ಗಂಟೆಯನ್ನು ಹಿಡಿದುಕೊಂಡು ಆ ಮುದುಕಿ ಒಳಗೆ ಒಂದೊಂದೇ ಉಸಿರು ಎಳೆಯುತ್ತಿದ್ದಳು.

"ಅಕ್ಕ? ಇದ್ದೀರಾ?" ಎಂದ ನಿಸಾರ್.

"ಇದ್ದೇನೆ. ನಿನ್ನ ತಪ್ಪಲ್ಲ. ಆಟೋ ಆರೂವರೆಗೆ ಇರ್ಲಿ."

ಒಳಗೆ ಬಂದು ಕೂತಳು. ಸುಳ್ಳು ಹೇಳೋಣ ಎನಿಸಿತು, ನಿಜ ಹೇಳೋಣ ಎನಿಸಿತು, ಎರಡಕ್ಕೂ ಧೈರ್ಯ ಸಾಲಲಿಲ್ಲ. ಗೋಡೆಯ ಗಡಿಯಾರ ಐದು ಹೊಡೆಯಿತು. ವಾರಿಜ ಕಣ್ಣು ತೆರೆದಳು.

"ಇಳಿಯಿತಾ?"

"ಇಲ್ಲ ಅಕ್ಕ. ಬಜಪೆಯಲ್ಲಿ ಜೋರು ಮಳೆ. ರನ್‌ವೇ ಕಾಣುದಿಲ್ಲ. ಮೇಲೆಯೇ ಸುತ್ತು ಹಾಕ್ತಾ ಉಂಟು."

ವಾರಿಜ ಅವಳನ್ನೇ ನೋಡಿದಳು. ತಂಗಿಯ ಮುಖ ಓದಲು ಅವಳಿಗೆ ಯಾವ ಕನ್ನಡಕವೂ ಬೇಕಿರಲಿಲ್ಲ. "ಎಷ್ಟು ಹೊತ್ತು ಸುತ್ತುತ್ತದೆ?"

"ಒಂದೂವರೆ ಗಂಟೆ."

"ಒಂದೂವರೆ," ಎಂದಳು ವಾರಿಜ. ಅವಳಿಗೆ ಅರ್ಥವಾಯಿತು. ತಂಗಿಯ ಬೆರಳನ್ನು ಹಿಡಿಯಲು ನೋಡಿದಳು, ಆಗಲಿಲ್ಲ, ಸುಗಂಧಿಯೇ ಹಿಡಿದಳು. "ಪೆದ್ದಿ. ನೀನೂ ಕೊನೆಗೆ ಮನುಷ್ಯಳೇ ಆದೆ." ಮತ್ತೆ ಉಸಿರೆಳೆದು, "ಅಳ್ಬೇಡ ಈಗ. ಸುತ್ತಲಿ. ಮೇಲಿಂದ ಊರು ನೋಡದೆ ಎಷ್ಟು ವರ್ಷ ಆಯ್ತು. ತೋರಿಸು," ಎಂದಳು.

ಸುಗಂಧಿ ತೋರಿಸಿದಳು. ಮೊದಲ ಸುತ್ತು ಪಣಂಬೂರಿನ ಮೇಲೆ. ಬಂದರಿನಲ್ಲಿ ನಿಂತ ಹಡಗುಗಳು, ಹೊರಗೆ ಸರದಿ ಕಾಯುವ ಹಡಗುಗಳು. ಅಲ್ಲಿಂದ ಬಡಗು ದಿಕ್ಕಿಗೆ ಮುಲ್ಕಿ. ಶಾಂಭವಿ, ನಂದಿನಿ ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಕಡೆ ನೀರು ಎರಡು ಬಣ್ಣ. ತೆಂಗಿನ ತೋಟ, ತೋಟದ ಮಧ್ಯೆ ಕೆಂಪು ಹಂಚು, ಹಂಚುಗಳ ಮಧ್ಯೆ ಕೊಲ್ಲಿಯ ದುಡ್ಡಿನಲ್ಲಿ ಎದ್ದ ತಾರಸಿ ಮನೆಗಳು. ಹೆದ್ದಾರಿಯಲ್ಲಿ ಉಡುಪಿಯ ಎಕ್ಸ್‌ಪ್ರೆಸ್ ಬಸ್ಸುಗಳು ಒಂದನ್ನೊಂದು ಹಿಂದೆ ಹಾಕುತ್ತಿವೆ.

"ಆ ಡ್ರೈವರಿಗೆ ಬುದ್ಧಿಯೇ ಇ... ಇಲ್ಲ," ಎಂದಳು ವಾರಿಜ.

ಕಾಪುವಿನ ಹತ್ತಿರ ತಿರುವು. ಬಂಡೆಯ ಮೇಲೆ ದೀಪಸ್ತಂಭ, ಬುಡದಲ್ಲಿ ನೊರೆ. ವಿಮಾನ ರೆಕ್ಕೆ ವಾಲಿಸಿದಾಗ ಕಿಟಕಿಯ ತುಂಬ ಬರೀ ಮರಳು. ಮರಳಿನಲ್ಲಿ ಬಲೆ ಒಣಹಾಕಿದ್ದಾರೆ. ಈಗಿಲ್ಲದ ಅಪ್ಪನ ಬಲೆಯಿದೆಯೇ ಎಂದು ವಾರಿಜ ಕೇಳಿದಳು. ಇದೆ ಎಂದಳು ಸುಗಂಧಿ. ಅಪ್ಪ ತಲೆಯೆತ್ತಿ ವಿಮಾನ ನೋಡುತ್ತಿದ್ದಾರೆಯೇ? ನೋಡುತ್ತಿದ್ದಾರೆ, ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಾರೆ, ಪ್ರತಿ ವಿಮಾನಕ್ಕೂ ನನ್ನ ಮಗಳು ಅದರಲ್ಲಿದ್ದಾಳೆ ಅಂತ ಪಕ್ಕದವರಿಗೆ ಹೇಳುತ್ತಾರೆ. ಮತ್ತೆ ತೆಂಕು, ಮತ್ತೆ ಪಣಂಬೂರು. ಎರಡನೆಯ ಸುತ್ತು, ಮೂರನೆಯ ಸುತ್ತು. ಸುಗಂಧಿಯ ಗಂಟಲು ಒಣಗಿತು. ಗುಲಾಬಿ ನೀರು ತಂದುಕೊಟ್ಟಳು, ಕುಡಿದು ಮತ್ತೆ ಹೇಳಿದಳು. ಅಕ್ಕನ ಉಸಿರು ಎರಡು ಸಲ ನಿಂತೇಹೋಯಿತೆನಿಸಿ, ಅವಳು ಸುಮ್ಮನಾದಳು. ಎರಡು ಸಲವೂ ಅಕ್ಕನ ತುಟಿ ಅಲುಗಿ, "ಮುಲ್ಕಿ," ಎಂದಿತು. ಮುಂದೆ ಎಲ್ಲಿಗೆ ಹೋಗಬೇಕೆಂದು ಅವಳೇ ದಾರಿ ಹೇಳುತ್ತಿದ್ದಳು.

ಆರನೆಯ ಸುತ್ತಿನಲ್ಲಿ ಹೊರಗೆ ಆಟೋ ನಿಂತಿತು.

ಶಮಿತಾ ಬಾಗಿಲಲ್ಲಿ ಬಂದು ನಿಂತಳು. ಎಂಟು ಗಂಟೆ ಆ ಗಾಳಿಯ ಹೊಳೆಯಲ್ಲಿ ಕುಲುಕಿಸಿಕೊಂಡವಳ ಕೂದಲು ಬಿಚ್ಚಿಹೋಗಿತ್ತು, ಅಂಗಿಯ ಮೇಲೆ ಯಾರದೋ ಚಹಾ ಚೆಲ್ಲಿತ್ತು, ಕಾಲು ಇನ್ನೂ ನೆಲಕ್ಕೆ ಸರಿಯಾಗಿ ಕೂತಿರಲಿಲ್ಲ. ಚೀಲವನ್ನು ಹೊಸ್ತಿಲಲ್ಲೇ ಬಿಟ್ಟು ಅಮ್ಮನ ಕಾಲ ಬಳಿ ಬಂದು ಕೂತಳು. ಆ ತಣ್ಣನೆಯ ಪಾದಗಳನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು.

"ಅಮ್ಮ. ನಾನು."

ವಾರಿಜ ಬಹಳ ಹೊತ್ತು ತೆಗೆದುಕೊಂಡು ಕಣ್ಣು ತೆರೆದಳು. ಮಗಳನ್ನು ನೋಡಿದಳು. ಮುಖದಲ್ಲಿ ಆ ಹಳೆಯ ಕುಚೋದ್ಯ ಒಂದು ಗಳಿಗೆ ಬಂದುಹೋಯಿತು.

"ವಿಮಾನ ಇನ್ನೂ ಮೇಲೆಯೇ ಉಂಟು. ನೀನು ಹೇಗೆ ಇಳಿದೆ?"

ಶಮಿತಾ ಚಿಕ್ಕಮ್ಮನ ಕಡೆ ತಿರುಗಿದಳು. ಸುಗಂಧಿ ತಲೆಯಾಡಿಸಿದಳು, ವಿವರಿಸಲು ಹೊತ್ತಿರಲಿಲ್ಲ.

"ಹಾರಿ ಬಂದೆ ಅಮ್ಮ," ಎಂದಳು ಶಮಿತಾ. "ಕಾಯ್ಲಿಕ್ಕೆ ಆಗ್ಲಿಲ್ಲ."

ವಾರಿಜಳ ಗಂಟಲಲ್ಲಿ ನಗುವಿನಂಥ ಒಂದು ಸದ್ದಾಯಿತು. ಮಗಳ ಮೇಲಿಂದ ಕಣ್ಣು ತೆಗೆಯದೆಯೇ ಹೇಳಿದಳು: "ಸುಗಂಧಿ, ಸಾಕು. ಉಳಿದವರೂ ಇದ್ದಾರಲ್ಲ ಅದರಲ್ಲಿ. ಇಳಿಸು ಇನ್ನು."

ಸುಗಂಧಿ ಇಳಿಸಿದಳು. ಮಳೆ ಸ್ವಲ್ಪ ಬಿಟ್ಟಿದೆ ಎಂದಳು. ಗುಡ್ಡದ ತಲೆಯ ಮೇಲಿನ ರನ್‌ವೇ ಕಾಣುತ್ತಿದೆ, ಎರಡೂ ಬದಿಗೆ ದೀಪ ಹಚ್ಚಿದ್ದಾರೆ. ಚಕ್ರ ಕೆಳಗೆ ಬಿಟ್ಟರು, ಅಡಿಯಲ್ಲಿ ಧಡ್ ಎಂದಿತು, ಹೆದರಬಾರದು. ಹಾಲೆ ಮರಗಳು, ಒಂದು ಶಾಲೆ, ಶಾಲೆಯ ಅಂಗಳದಲ್ಲಿ ನೀರು. ನೆಲ ಹತ್ತಿರ ಬರುತ್ತಿದೆ, ಹತ್ತಿರ ಬರುತ್ತಿದೆ. ಚಕ್ರ ಮುಟ್ಟಿತು, ಒಮ್ಮೆ ಪುಟಿಯಿತು, ಮತ್ತೆ ಮುಟ್ಟಿತು. ಬ್ರೇಕ್ ಹಾಕಿದಾಗ ಎಲ್ಲರ ಮೈ ಮುಂದಕ್ಕೆ ಬಾಗಿತು. ಹಿಂದಿನ ಸಾಲಿನ ಹುಡುಗರು ಚಪ್ಪಾಳೆ ತಟ್ಟಿದರು. ಇನ್ನೂ ಏಳಬೇಡಿ ಎಂದು ಹೇಳುತ್ತಿರುವಾಗಲೇ ಎಲ್ಲರೂ ಎದ್ದು ನಿಂತಾಯಿತು, ಮೇಲಿನ ಚೀಲ ಎಳೆದಾಯಿತು, ಇಳಿದೆ ಇಳಿದೆ ಎಂದು ಫೋನಿನಲ್ಲಿ ಹೇಳಿಯೂ ಆಯಿತು. ಬಾಗಿಲು ತೆರೆದರು. ಮಣ್ಣಿನ ವಾಸನೆಯ ಒದ್ದೆ ಗಾಳಿ ಒಳಗೆ ಬಂತು.

ಅಲ್ಲಿ ಸುಗಂಧಿ ಮಾತು ನಿಲ್ಲಿಸಿದಳು. ಅಕ್ಕನ ಕೈ ಅವಳ ಕೈಯಲ್ಲೇ ಇತ್ತು, ಉಸಿರು ಇರಲಿಲ್ಲ. ಗುಲಾಬಿ ಸೆರಗು ಬಾಯಿಗೆ ಒತ್ತಿ ಹಿಡಿದಿದ್ದಳು. ಶಮಿತಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಅವಳಿಗೂ ತಿಳಿದಿತ್ತು. ಆದರೆ ಮಡಿಲಲ್ಲಿದ್ದ ಪಾದಗಳನ್ನು ಅವಳು ಕೆಳಗಿಡಲಿಲ್ಲ.

"ನಿಲ್ಲಿಸ್ಬೇಡಿ ಚಿಕ್ಕಮ್ಮ," ಎಂದಳು. "ನಾನು ಯಾವತ್ತೂ ಅದರಲ್ಲಿ ಬಂದವಳಲ್ಲ. ಮತ್ತೆ ಎಂತ ಆಗ್ತದೆ?"

"ಮತ್ತೆ..." ಸುಗಂಧಿ ಅಕ್ಕನ ಕೈಯನ್ನು ಇನ್ನೊಂದು ಕೈಯಿಂದಲೂ ಹಿಡಿದಳು. "ಮತ್ತೆ ಪೆಟ್ಟಿಗೆ ತೆಕ್ಕೊಂಡು ಬರ್ಬೇಕು. ಒಂದು ಗಾಜಿನ ಬಾಗಿಲು ಉಂಟು. ಅದು ತನ್ನಷ್ಟಕ್ಕೇ ತೆರೀತದೆ. ಹೊರಗೆ ನಾವೆಲ್ಲ ನಿಂತಿರ್ತೇವೆ."